ಮಧುಗಿರಿ ಹತ್ತೋ ಮುಂಚೆ, ಒಂದು ಡಬ್ಬಿಯ ವಿಷಯ

ಲೋ ಹುಲಿ,

ತುಮಕೂರಿಗೆ ಬೆಳಗಿನ ಚಳಿ ಇಳಿದಿದೆ. ಮಂಡಿಗೆ ಹೊಸ ಕಡ್ಲೆಕಾಯಿ ಬಂದಿದೆ. ಅದರ ಹಿಂದೆಯೇ ನಿನ್ನ ಮಾತೂ ಬಂತು: ಮಧುಗಿರಿ ಹತ್ತೋಣ, ಉಂಡೆ ಕಟ್ಟಿಕೊಂಡು ಬಾ ಅಂತ. ಈ ಸಲ ಕಟ್ಟಿಕೊಂಡು ಬರಲ್ಲ ಕಣೋ, ಹೇಳಿಕೊಡ್ತೀನಿ. ಹಾಲು, ತುಪ್ಪ, ಜೇನು ಮೂರನ್ನೂ ಬಿಟ್ಟವನು ನೀನು. ಬೆಂಗಳೂರಿನ ಅಂಗಡಿಯಲ್ಲಿ ಎನರ್ಜಿ ಬಾರ್ ಪ್ಯಾಕೆಟ್ಟಿನ ಹಿಂಬದಿಯ ಸಣ್ಣಕ್ಷರದಲ್ಲಿ ಹಾಲಿನ ಪುಡಿ ಇದೆಯಾ, ಜೇನು ಇದೆಯಾ ಅಂತ ಹುಡುಕೋ ಹೊತ್ತಿಗೆ ಮನೆಯಲ್ಲಿ ಬೀಜ ಹುರಿದು ಆಗಿರುತ್ತೆ. ಇದನ್ನೇ ಇನ್ನೂ ನಾಲ್ಕಾರು ಜನ ಕೇಳಿದ್ದಾರೆ, ಅದಕ್ಕೇ ಎಲ್ಲರ ಕಣ್ಣೆದುರೇ ಬರೀತಿದ್ದೀನಿ. ಮೂರನೇ ಉಂಡೆಯ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಓವನ್ ಬೇಡ, ಪಾಕ ಹಿಡಿಯೋದೂ ಬೇಡ. ಬಾಣಲೆ, ಮಿಕ್ಸಿ, ಗ್ರಾಂ ತೋರಿಸೋ ಒಂದು ಚಿಕ್ಕ ತಕ್ಕಡಿ ಸಾಕು. ಲೋಟದ ಅಳತೆಯನ್ನು ಇಲ್ಲಿ ನಂಬಬೇಡ. ಹೆರೆದು ಸುರಿದ ಒಂದು ಲೋಟ ಬೆಲ್ಲಕ್ಕೂ ಅದುಮಿ ತುಂಬಿದ ಒಂದು ಲೋಟ ಬೆಲ್ಲಕ್ಕೂ ತೂಕದಲ್ಲಿ ಅಜಗಜಾಂತರ. ಅಳತೆ ಬರೆದುಕೋ: ರಾಗಿ ಹುರಿಹಿಟ್ಟು 100 ಗ್ರಾಂ, ಕಡ್ಲೆಬೀಜ 100 ಗ್ರಾಂ, ಎಳ್ಳು 30 ಗ್ರಾಂ, ತುರಿದ ಕೊಬ್ಬರಿ 30 ಗ್ರಾಂ, ಬೆಲ್ಲ 80 ಗ್ರಾಂ, ಮೂರು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಒಂದೊಂದು 20 ಗ್ರಾಂ ಹಾಗೆ 17 ಉಂಡೆ ಆಗುತ್ತೆ. ಒಂದರಲ್ಲಿ ಹೆಚ್ಚುಕಡಿಮೆ 95 ಕ್ಯಾಲೊರಿ, ಬೆಲ್ಲ ಐದು ಗ್ರಾಂಗೆ ಒಂಚೂರು ಕಮ್ಮಿ. ಈ ಐದು ಗ್ರಾಂ ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತೆ.

ಉಂಡೆ ನಿಲ್ಲೋದು ಬೀಜದ ಎಣ್ಣೆಯಿಂದ ಮತ್ತೆ ಬೆಲ್ಲದ ಅಂಟಿನಿಂದ. ಕಡ್ಲೆಬೀಜದ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆ, ಎಳ್ಳಿನಲ್ಲೂ ಅಷ್ಟೇ, ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತರ ಮೇಲೆ. ಹುರಿಹಿಟ್ಟಿನಲ್ಲಿ ಎಣ್ಣೆ ಅನ್ನೋದೇ ಇಲ್ಲದಷ್ಟು ಕಮ್ಮಿ, ಅದು ಬರೀ ಕುಡಿಯುತ್ತೆ. ತುಪ್ಪ ಬಿಟ್ಟವರು ಕಟ್ಟೋ ಉಂಡೆ ಪುಡಿಪುಡಿ ಆಗೋದು ಇಲ್ಲೇ: ತುಪ್ಪ ತೆಗೆದಿರ್ತಾರೆ, ಹಿಟ್ಟು ಮಾತ್ರ ಹಳೇ ಅಳತೆಯಲ್ಲೇ ಇರುತ್ತೆ. ಆಗ ಕೈ ನೀರಿನ ಕಡೆ ಹೋಗುತ್ತೆ. ಬೇಡ. ಎರಡು ಚಮಚ ನೀರು ಹಾಕಿದರೆ ಉಂಡೆ ಏನೋ ಚೆನ್ನಾಗಿ ನಿಲ್ಲುತ್ತೆ, ಆದರೆ ಮೂರ್ನಾಲ್ಕು ದಿನಕ್ಕೆ ಬೂಷ್ಟು ಬರುತ್ತೆ. ನಿಲ್ಲದಿದ್ದರೆ ಇನ್ನೊಂದು ಹಿಡಿ ಬೀಜವನ್ನು ನುಣ್ಣಗೆ, ಎಣ್ಣೆ ಬಿಡೋವರೆಗೂ ರುಬ್ಬಿ ಸೇರಿಸು.

ಬೀಜದ ವಿಷಯ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ. ಪಾವಗಡ, ಶಿರಾ, ಚಿಂತಾಮಣಿ ಕಡೆಯ ಸಣ್ಣ ಗುಂಡು ಬೀಜವೇ ಇದಕ್ಕೆ ಸೊಗಸು. ಬಸವನಗುಡಿ ಪರಿಷೆಯಲ್ಲಿ ಹಸಿಕಾಯಿ ಕೊಂಡು ಅದನ್ನೇ ಬಿಡಿಸಿ ಉಂಡೆ ಮಾಡಬೇಡ. ಹಸಿಬೀಜದಲ್ಲಿ ನೀರಿನಂಶ ಜಾಸ್ತಿ. ಮೇಲೆ ಕೆಂಪಗೆ ಹುರಿದಂತೆ ಕಂಡರೂ ಒಳಗೆ ಮೆತ್ತಗೇ ಉಳಿದಿರುತ್ತೆ. ಬಿಸಿಲಲ್ಲಿ ಚೆನ್ನಾಗಿ ಒಣಗಿ, ಕಾಯಿ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಬೀಜವನ್ನು ಮೊರದಲ್ಲಿ ಹರಡಿ ಆರಿಸು. ಸುಕ್ಕಾದದ್ದು, ಕಪ್ಪಾದದ್ದು, ಹಸಿರು ಬೂಷ್ಟಿನದ್ದು, ಇಲಿ ಹುಳ ಮುಟ್ಟಿದ್ದು, ಎಲ್ಲಾ ಆಚೆಗೆ. ಬಾಯಿಗೆ ಕಹಿ ಸಿಕ್ಕಿದರೆ ನುಂಗಬೇಡ, ಉಗಿದುಬಿಡು. ಆ ಬೂಷ್ಟು ಬಿಡೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ಬೆಳೆಯ ಕೊನೆಗಾಲದಲ್ಲಿ ಮಳೆ ಕೈಕೊಟ್ಟು ಹೊಲ ಬಿರುಕು ಬಿಟ್ಟ ವರ್ಷ ಇದರ ಕಾಟ ಹೆಚ್ಚು. ನಮ್ಮ ಸೀಮೆಯಲ್ಲಿ ಅಂಥ ವರ್ಷಗಳಿಗೇನು ಬರವಿಲ್ಲ. ಹಾಗಾಗಿ ಆರಿಸೋ ಕೆಲಸಕ್ಕೆ ಹತ್ತು ನಿಮಿಷ ಕೊಡಲೇಬೇಕು.

ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿ, ಕೈ ನಿಲ್ಲಿಸಬೇಡ. ಉರಿ ಜೋರಾದರೆ ಸಿಪ್ಪೆ ಸುಟ್ಟು ಒಳಗೆ ಹಸಿವಾಸನೆ ಉಳಿಯುತ್ತೆ. ಬಿಸಿಯಲ್ಲಿ ಕಚ್ಚಿ ನೋಡಿ ಇನ್ನೂ ಮೆತ್ತಗಿದೆ ಅಂತ ಮತ್ತೆ ಹುರಿಯೋದು ಎಲ್ಲರೂ ಮಾಡೋ ತಪ್ಪು. ಬಿಸಿಬೀಜ ಯಾವತ್ತೂ ಮೆತ್ತಗೇ, ಗರಿ ಬರೋದು ಆರಿದ ಮೇಲೆ. ಎರಡು ಬೀಜ ತೆಗೆದು ಊದಿ ಆರಿಸಿ ಕಚ್ಚು, ಒಳಗಿನ ಬೇಳೆ ತಿಳಿಹೊನ್ನಿನ ಬಣ್ಣಕ್ಕೆ ತಿರುಗಿದ್ದರೆ ಇಳಿಸು. ಬಾಣಲೆಯಲ್ಲೇ ಬಿಡಬೇಡ, ತಟ್ಟೆಗೆ ಸುರಿ. ಆರಿದ ಮೇಲೆ ಉಜ್ಜಿ, ಸಿಪ್ಪೆ ಕೇರಿಬಿಡು. ಎಳ್ಳನ್ನು ಮುಂಚೆಯೇ ತೊಳೆದು ಒಣಗಿಸಿರು, ಅದರಲ್ಲಿ ಮಣ್ಣು ಇದ್ದೇ ಇರುತ್ತೆ. ಅದಕ್ಕೆ ಎರಡು ಮೂರು ನಿಮಿಷ ಸಾಕು, ಚಿಟಪಟ ಅಂದ ತಕ್ಷಣ ಇಳಿಸು. ಅರ್ಧ ನಿಮಿಷ ತಡವಾದರೂ ಇಡೀ ಡಬ್ಬಿ ಕಹಿ.

ಹುರಿಹಿಟ್ಟು ಅಂದರೆ ರಾಗಿ ಹಿಟ್ಟಲ್ಲ. ರಾಗಿಗೆ ನೀರು ಚಿಮುಕಿಸಿ, ಕೆಲವು ಗಂಟೆ ಮುಚ್ಚಿಟ್ಟು, ಕಾದ ಮರಳಿನಲ್ಲೋ ಬಾಣಲೆಯಲ್ಲೋ ಅರಳಿಸಿ ಬೀಸಿದ್ದು. ಕಾಳು ಅರಳುವಾಗಲೇ ಬೆಂದಿರುತ್ತೆ, ಅದಕ್ಕೇ ಒಲೆ ಮೇಲೆ ಇಡದೆ ತಿನ್ನಬಹುದು. ಬಣ್ಣ ರಾಗಿ ಹಿಟ್ಟಿಗಿಂತ ತಿಳಿ, ನಾಲಿಗೆಗೆ ಹಾಕಿದರೆ ಹುರಿದ ಘಮ. ನಿನಗೆ ಬರೀ ರಾಗಿ ಹಿಟ್ಟೇ ಸಿಕ್ಕರೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಘಮ ಬರೋವರೆಗೂ ಹುರಿಯದೆ ಹಾಕಲೇಬೇಡ. ಯಾವ ಹಸಿ ಹಿಟ್ಟನ್ನೂ ಹಾಗೇ ತಿನ್ನಬಾರದು, ರುಚಿಗೂ ಸಲ್ಲ, ಹೊಟ್ಟೆಗೂ ಸಲ್ಲ. ಓಟ್ಸ್ ಹಾಕಲಾ ಅಂತ ಕೇಳಿದ್ದೆ. ಹಾಕಬಹುದು. ಆದರೆ ಹುರಿಹಿಟ್ಟು ಸಿಗೋ ಊರಿನವನು ಓಟ್ಸ್ ಯಾಕೆ ಹಾಕಬೇಕು ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ. ಓಟ್ಸಿನಲ್ಲಿ ಇಲ್ಲದಷ್ಟು ಸುಣ್ಣದಂಶ ರಾಗಿಯಲ್ಲಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಹಾಲು ಬಿಟ್ಟವನಿಗೆ ಇದು ಸಣ್ಣ ಮಾತಲ್ಲ.

ಕೊಬ್ಬರಿ ತಿಪಟೂರಿನ ಉಂಡೆ ಕೊಬ್ಬರಿಯೇ ಇರಲಿ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾದು, ಒಳಗಿನ ನೀರೆಲ್ಲ ಇಂಗಿ, ಚಿಪ್ಪು ಬಿಟ್ಟು ಉಂಡೆಯಾದದ್ದು ಅದು. ಹಸಿ ತೆಂಗಿನತುರಿಯ ತೂಕದಲ್ಲಿ ಅರ್ಧದಷ್ಟು ನೀರು, ಅದನ್ನು ಹಾಕಿದ ಉಂಡೆ ಅವತ್ತಿಗೆ ಮಾತ್ರ. ಕೊಬ್ಬರಿ ಜಾಸ್ತಿ ಮಾಡೋ ಆಸೆ ಇದ್ದರೆ ಒಂದು ಗೊತ್ತಿರಲಿ: ತೆಂಗಿನೆಣ್ಣೆ 24, 25 ಡಿಗ್ರಿಯಲ್ಲಿ ಕರಗುತ್ತೆ. ಈ ಚಳಿಯ ಬೆಳಿಗ್ಗೆ ಕಲ್ಲಿನ ಹಾಗಿರೋ ಉಂಡೆ ಏಪ್ರಿಲ್ ಮಧ್ಯಾಹ್ನ ಜೇಬಿನಲ್ಲಿ ಕುಸಿದುಬಿಡುತ್ತೆ. 30 ಗ್ರಾಂ ಹೇಳಿದ್ದು ಸುಮ್ಮನೆ ಅಲ್ಲ.

ಈಗ ಮಿಕ್ಸಿ. ಬೀಜ, ಎಳ್ಳು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಒಂದೇ ಸುತ್ತಿಗೆ ಎಣ್ಣೆ ಬಿಟ್ಟು ಜಾರಿನ ತಳಕ್ಕೆ ಅಂಟಿಕೊಳ್ಳುತ್ತೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ತರಿತರಿ ಮಾಡು. ಆಮೇಲೆ ಹೆರೆದ ಬೆಲ್ಲ, ಕೊಬ್ಬರಿ, ಏಲಕ್ಕಿ, ಉಪ್ಪು ಹಾಕಿ ಮತ್ತೆ ನಾಲ್ಕು ಸಲ. ಹುರಿಹಿಟ್ಟನ್ನು ಮಿಕ್ಸಿಗೆ ಹಾಕಬೇಡ, ಅಗಲ ತಟ್ಟೆಯಲ್ಲಿ ಕೈಯಲ್ಲೇ ಕಲಸು. ಮುಷ್ಟಿಯಲ್ಲಿ ಅದುಮಿ ಬಿಟ್ಟರೆ ಬೆರಳಿನ ಗುರುತು ಸಮೇತ ನಿಲ್ಲಬೇಕು. ಎಣ್ಣೆ ಜಿನುಗಿ ಕೈ ಜಾರಿದರೆ ರುಬ್ಬಿದ್ದು ಜಾಸ್ತಿಯಾಗಿದೆ, ಒಂದೆರಡು ಚಮಚ ಹುರಿಗಡಲೆ ಪುಡಿ ಸೇರಿಸು, ಎಣ್ಣೆಯನ್ನು ಅದು ಎಳೆದುಕೊಳ್ಳುತ್ತೆ. ಕಲಸಿದ ತಕ್ಷಣ ಕಟ್ಟು. ಮಿಕ್ಸಿಯ ಕಾವು ಆರಿದರೆ ಬೆಲ್ಲ ಬಿಗಿಯುತ್ತೆ. ಒದ್ದೆ ಕೈ, ಒದ್ದೆ ಡಬ್ಬಿ ಎರಡೂ ದೂರ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಈ ಹವೆಗೆ ಎರಡು ವಾರ ಧಾರಾಳ. ಕಮಟು ವಾಸನೆ ಬಂದರೆ ಬೀಜದ ಎಣ್ಣೆ ಕೆಟ್ಟಿದೆ ಅಂತ ಅರ್ಥ, ಆಗ ಉಳಿಸೋಕೆ ನೋಡಬೇಡ.

ಖರ್ಜೂರದ್ದು ಇನ್ನೂ ಸುಲಭ: ಬೀಜ ತೆಗೆದ ಮೆತ್ತನೆಯದು 150 ಗ್ರಾಂ, ಕಡ್ಲೆಬೀಜ 80, ಹುರಿಗಡಲೆ ಪುಡಿ 50, ಎಳ್ಳು 20. ಖರ್ಜೂರವನ್ನು ಹೆಚ್ಚಿ, ಬೀಜದ ತರಿಯ ಮೇಲೆ ಹಾಕು. ಇಡಿಯಾಗಿ ಹಾಕಿದರೆ ಬ್ಲೇಡಿಗೆ ಉಂಡೆ ಸುತ್ತಿ ಮೋಟರ್ ಕಾಯುತ್ತೆ. ಉತ್ತುತ್ತೆ ಇದಕ್ಕೆ ಆಗಲ್ಲ. ಅದನ್ನು ನೆನೆಸಿದರೆ ಮತ್ತೆ ನೀರಿನ ತಾಪತ್ರಯ.

ಇನ್ನು ಚಿಗಳಿ. ವೀಗನ್ ಅನ್ನೋ ಪದ ಕೇಳೋ ಮೊದಲೇ ನಮ್ಮ ಮನೆಗಳಲ್ಲಿ ನಾಗರಪಂಚಮಿಗೆ ಕುಟ್ಟುತ್ತಿದ್ದದ್ದು. ಎಳ್ಳು 100, ಬೆಲ್ಲ 70, ಕೊಬ್ಬರಿ 20. ಹಿಟ್ಟಿಲ್ಲ, ತುಪ್ಪವಿಲ್ಲ, ಒರಳಿನ ಏಟಿಗೆ ಎಳ್ಳೇ ಎಣ್ಣೆ ಬಿಟ್ಟು ಹಿಡಿದುಕೊಳ್ಳುತ್ತೆ.

ಚಿಗಳಿ ಅಂದಾಗ ಕೈ ನಿಂತಿತು ಕಣೋ. ಅಳತೆ ಹೇಳಿ ಮುಗಿಸೋಣ ಅಂತ ಕೂತವನು ನಾನು, ಆದರೆ ಇದನ್ನು ಹೇಳದೆ ಮುಂದೆ ಹೋಗೋಕೆ ಆಗ್ತಿಲ್ಲ. ಶ್ರಾವಣದಲ್ಲಿ ನಿಮ್ಮ ಮನೆಗೆ ಕಳಿಸಿದ ಡಬ್ಬಿಯ ಮುಚ್ಚಳದ ಮೇಲೆ "ಸಕ್ಕರೆ ಇಲ್ಲ" ಅಂತ ಚೀಟಿ ಅಂಟಿಸಿದ್ದೆ. ವಾರದ ಮೇಲೆ ನಿಮ್ಮಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದರು: "ಅಪ್ಪಾಜಿ ದಿನಾ ನಾಲ್ಕು ತಿಂತಾರಪ್ಪ, ಸಕ್ಕರೆ ಇಲ್ಲವಲ್ಲ." ನಾನು "ಹೌದಮ್ಮ" ಅಂದೆ. ಗೊತ್ತಿತ್ತು ನನಗೆ. ಬೆಲ್ಲದಲ್ಲಿ ಮುಕ್ಕಾಲಿಗೂ ಮೀರಿ ಇರೋದು ಸಕ್ಕರೆಯೇ. ಬಣ್ಣ ಬೇರೆ, ರುಚಿ ಬೇರೆ, ಒಂಚೂರು ಖನಿಜ ಬೇರೆ, ರಕ್ತಕ್ಕೆ ಸೇರೋದು ಅದೇ. 20 ಗ್ರಾಂ ಚಿಗಳಿಯಲ್ಲಿ ಏಳೂವರೆ ಗ್ರಾಂ ಹತ್ತಿರ ಬೆಲ್ಲ, ನಾಲ್ಕಕ್ಕೆ 30ರ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ, 2000 ಕ್ಯಾಲೊರಿ ತಿನ್ನೋ ಆರೋಗ್ಯವಂತರಿಗೇ ಇಂಥ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು. ಅಪ್ಪಾಜಿಗೆ ಶುಗರ್ ಬಂದು ಎಷ್ಟು ವರ್ಷ ಆಯ್ತು ಅನ್ನೋದು ನಿನ್ನಷ್ಟೇ ನನಗೂ ಗೊತ್ತು. "ಬಿಳಿ ಸಕ್ಕರೆ ಹಾಕಿಲ್ಲ" ಅಂತ ಬರೆಯಬಹುದಿತ್ತು. ಬರೆಯಲಿಲ್ಲ, ಹಾಗೆ ಬರೆದರೆ ಅವರು ಒಂದೇ ತಿಂದು ಮುಚ್ಚಿಡ್ತಾರೆ ಅನ್ನಿಸಿತ್ತು. ನನ್ನ ಉಂಡೆಯನ್ನು ಅವರು ಇಷ್ಟಪಟ್ಟು ಮತ್ತೆ ಮತ್ತೆ ತಿನ್ನಲಿ ಅನ್ನೋ ಆಸೆ ಅವರ ಆರೋಗ್ಯಕ್ಕಿಂತ ಮುಂದೆ ನಿಂತುಬಿಟ್ಟಿತ್ತು. ಇವತ್ತೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದ್ದೀನಿ. ನಿನಗೆ ಇಲ್ಲಿ ಹೇಳ್ತಿದ್ದೀನಿ, ನನ್ನಿಂದ ಅದೇ ಮಾತು ಕಲಿತ ಉಳಿದವರೂ ಓದಲಿ ಅಂತ.

ಬೆಟ್ಟ ಹತ್ತೋನಿಗೆ ಆ ಐದು ಗ್ರಾಂ ಬೆಲ್ಲ ಕಾಲಿಗೆ ಹೋಗುತ್ತೆ. ಕುರ್ಚಿಯಲ್ಲಿ ಕೂತವರಿಗೆ ಹೋಗೋಕೆ ಜಾಗ ಇಲ್ಲ. ಖರ್ಜೂರದಲ್ಲಿ ನಾರಿದೆ ನಿಜ, ಆದರೆ ಅದರ ತೂಕದಲ್ಲೂ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಹುರಿಹಿಟ್ಟೂ ಅರಳಿದ್ದರಿಂದ ಬೇಗ ಜೀರ್ಣವಾಗಿ ಬೇಗ ಸಕ್ಕರೆ ಏರಿಸುತ್ತೆ. ಅದಕ್ಕೇ ಅಪ್ಪಾಜಿಗೆ ಖಾರದ ಉಂಡೆ ಮಾಡು: ಕಡ್ಲೆಬೀಜ 120 ಗ್ರಾಂ, ಹುರಿಗಡಲೆ ಪುಡಿ 60, ಎಳ್ಳು 30, ಅರ್ಧ ಚಮಚ ಉಪ್ಪು, ಹುರಿದ ಜೀರಿಗೆ, ಕಾಳುಮೆಣಸು, ಗರಿಗರಿ ಹುರಿದ ಕರಿಬೇವು. ಬೆಲ್ಲದ ಅಂಟು ಇಲ್ಲದ್ದರಿಂದ ಮುಕ್ಕಾಲು ಪಾಲು ಬೀಜವನ್ನು ಬೆಣ್ಣೆಯ ಹದಕ್ಕೆ ರುಬ್ಬು, ಉಳಿದದ್ದು ತರಿ ಇರಲಿ. ನಡುನಡುವೆ ಜಾರಿನ ಗೋಡೆ ಕೆರೆದು ಕೆಳಗೆ ತಳ್ಳು. 15 ಗ್ರಾಂನಂತೆ 14 ಆಗುತ್ತೆ. ಬಿಪಿ ಮಾತ್ರೆ ಇದ್ದರೆ ಉಪ್ಪು ಅರ್ಧಕ್ಕಿಳಿಸು. ದಿನಕ್ಕೆ ಎರಡು, ಅದೂ ಅವರ ಡಾಕ್ಟರ್ ಹೇಳಿದ ಊಟದ ಲೆಕ್ಕದೊಳಗೆ.

ಸರಿ, ಈಗ ಬೆಟ್ಟದ ಲೆಕ್ಕ. ತಲೆಗೆ ನಾಲ್ಕು ರಾಗಿ ಉಂಡೆ, ಎರಡು ಖಾರದ್ದು. ಹತ್ತೋಕೆ ಅರ್ಧ ಗಂಟೆ ಮುಂಚೆ ಒಂದು, ಆಮೇಲೆ ಗಂಟೆಗೊಂದು. ಹುರಿಹಿಟ್ಟು ಬಾಯಿಯ ಅಂಗಳಕ್ಕೆ ಮೆತ್ತಿಕೊಳ್ಳುತ್ತೆ, ಬರೀ ಬಾಯಲ್ಲಿ ಅಗಿದು ಮಾತಾಡೋಕೆ ಹೋಗಬೇಡ, ದೇವರಾಯನದುರ್ಗದಲ್ಲಿ ಆದದ್ದು ಸಾಕು. ತಲೆಗೆ ಎರಡು ಲೀಟರ್ ನೀರು. ಬಂಡೆ ಕಾಯೋ ಮೊದಲೇ ಮೇಲಿರಬೇಕು, ಆರು ಗಂಟೆಗೆ ಬೆಟ್ಟದ ಬುಡದಲ್ಲಿ ಸಿಗು. ಬರುವಾಗ ಆ ಸ್ಟೀಲ್ ಡಬ್ಬಿ ತಾ. ಮುಚ್ಚಳದ ಚೀಟಿ ನೀನು ಕೀಳಬೇಡ, ನಾನೇ ಕೀಳ್ತೀನಿ. ಮೂರನೇ ಉಂಡೆ ಈ ಸಲ ನಿನ್ನದೇ.

ನಿನ್ನ,
ಕುಟ್ಟಾಣಿ