ಧರ್ಮದ ಹೆಸರಲ್ಲಿ ಕಮ್ಯುನಿಸ್ಟರ ಬೇಟೆ

ಮಾನ್ಯ ಸಂಪಾದಕರೇ,

ಕಮ್ಯುನಿಸಂ ವಿರುದ್ಧ ಧರ್ಮವನ್ನು ಆಯುಧ ಮಾಡಿಕೊಂಡ ಸರ್ಕಾರಗಳ ಮಾತು ಬಂದಾಗ ಇಂಡೊನೇಷ್ಯಾವನ್ನು ಮರೆಯಬಾರದು. 1965–66ರಲ್ಲಿ ಅಲ್ಲಿನ ಸೇನೆಯು ಧಾರ್ಮಿಕ ಸಂಘಟನೆಗಳ ಯುವಕರನ್ನು ಜೊತೆಗಿಟ್ಟುಕೊಂಡು ಕಮ್ಯುನಿಸ್ಟರೆಂದು ಗುರುತಿಸಿದವರ ಮೇಲೆ ನಡೆಸಿದ ಹತ್ಯಾಕಾಂಡದಲ್ಲಿ ಕನಿಷ್ಠ 5 ಲಕ್ಷ ಜನರು ಸತ್ತರೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಭೂಮಿ ಕೇಳಿದ ರೈತರೂ ಶಾಲಾ ಶಿಕ್ಷಕರೂ ಅವರಲ್ಲಿದ್ದರು. ಬಳಿಕ ಅಧಿಕಾರ ಹಿಡಿದ ಸೇನಾನಾಯಕ ಸುಹಾರ್ತೊ ಅವರ ಆಡಳಿತವು ನಾಸ್ತಿಕನೆಂದರೆ ಕಮ್ಯುನಿಸ್ಟನೇ ಎಂಬ ಭೀತಿಯನ್ನು ಬೆಳೆಸಿದ್ದರಿಂದ, ಪೂರ್ವಿಕರ ಆಚರಣೆಗಳನ್ನಷ್ಟೇ ಪಾಲಿಸುತ್ತಿದ್ದ ಜಾವಾದ ಅನೇಕರು ಜೀವ ಉಳಿಸಿಕೊಳ್ಳಲು ಕ್ರೈಸ್ತ, ಹಿಂದೂ ಧರ್ಮಗಳ ಮೊರೆಹೋದರು. ಗುರುತಿನ ಚೀಟಿಯ ಧರ್ಮದ ಕಲಂ ಖಾಲಿಯಿದ್ದರೆ ಅನುಮಾನ ಖಚಿತವಾಗಿತ್ತು. ಇದನ್ನು ಧರ್ಮರಕ್ಷಣೆ ಎನ್ನಲು ನನಗೆ ಸಾಧ್ಯವಿಲ್ಲ. 2023ರಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಆ ಹತ್ಯೆಗಳಿಗೆ ವಿಷಾದ ವ್ಯಕ್ತಪಡಿಸಿದರೂ, 1966ರ ಕಮ್ಯುನಿಸಂ ನಿಷೇಧ ಇನ್ನೂ ತೆರವಾಗಿಲ್ಲ, ಸತ್ತವರ ಕುಟುಂಬಗಳಿಗೆ ನ್ಯಾಯವೂ ಸಿಕ್ಕಿಲ್ಲ.

– ಓರ್ವ ಓದುಗ, ಶಿವಮೊಗ್ಗ