ಮಗಳಿಗೊಂದು ಪತ್ರ: ಆ ಆರು ಚೆಕ್‌ಗಳ ಬಗ್ಗೆ

ತುಮಕೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಆ ಕಾರ್ಗೋ ವಿಮಾನ ಕಂಪನಿಯ ಕೆಲಸದ, ಅವರು ಕೇಳಿರುವ ಚೆಕ್‌ಗಳ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಸರಿ ಅಮ್ಮ, ನೋಡ್ತೀನಿ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬರೆದಾದ ಮೇಲೆ ಹಾಳೆಗಳ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತೇನೆ. ಸೋಮವಾರದೊಳಗೆ ನೀನು ಆ ಕಾರ್ಗೋ ಕಂಪನಿಗೆ ಉತ್ತರ ಕೊಡಬೇಕಲ್ಲ, ಅಂಚೆಗೆ ಕಾಯುವ ಹಾಗಿಲ್ಲ.

ನೀನು ಕಳಿಸಿದ ಆಫರ್ ಲೆಟರನ್ನು ಮೂರು ಸಲ ಓದಿದೆ. ನಿಮ್ಮಪ್ಪ ಒಂದೇ ಸಲ ಓದಿದರು. ಕೋಪೈಲಟ್ ಅನ್ನೋ ಪದ ಕಂಡದ್ದೇ ತಡ, ಬೀದಿಗೆಲ್ಲ ಹೇಳಿ ಬಂದರು. ಅವರನ್ನು ಬೈಯಲೂ ಮನಸ್ಸಾಗಲಿಲ್ಲ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಬೇಲಿಯ ಹೊರಗೆ ನಿಂತು ಪುಟ್ಟ ವಿಮಾನಗಳನ್ನು ನೋಡುತ್ತಾ ಊಟವನ್ನೇ ಮರೆಯುತ್ತಿದ್ದ ಹುಡುಗಿ ನೀನು. 200 ಗಂಟೆ ಹಾರಿ ಸಿಪಿಎಲ್, ಅಂದರೆ ಪೈಲಟ್ ಕೆಲಸಕ್ಕೆ ಬೇಕಾದ ಲೈಸೆನ್ಸು, ತಗೊಂಡೆ. ಆಮೇಲೆ ಬೋಯಿಂಗ್ 737 ವಿಮಾನ ಹಾರಿಸಲೆಂದೇ ಬೇಕಾದ ಟೈಪ್ ರೇಟಿಂಗ್ ತರಬೇತಿ ಮಾಡಿದೆ, ಅದಕ್ಕೆ ಮನೆ ಪತ್ರ ಬ್ಯಾಂಕಿಗೆ ಹೋಯಿತು. ಅದಾಗಿ ಎರಡು ವರ್ಷ ಕಾದಿದ್ದೀಯ. ಬಂದಿರುವುದು ಇದೊಂದೇ ಕರೆ. ಅಲ್ಲಿ ಸಂಬಳ ಎರಡು ತಿಂಗಳು ತಡ ಅಂತ ನೀನೇ ಹೇಳಿದೆ. ಹೇಳುವಾಗ ನಕ್ಕೆ ಬೇರೆ.

ವಿಮಾನದ ಬಗ್ಗೆ ನಿನಗೆ ಹೇಳಿಕೊಡುವಷ್ಟು ನನಗೆ ಗೊತ್ತಿಲ್ಲ. ಬಿಲ್ಲುಗಳ ಬಗ್ಗೆ ಗೊತ್ತು. ನೀನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಾನು ಒಂದು ಸಣ್ಣ ಚಾರ್ಟರ್ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ, ನೆನಪಿದೆಯಾ? ಅದರ ಹೆಸರು ಈಗ ಬೇಡ, ಆ ಕಂಪನಿಯೇ ಇಲ್ಲ. ಅಲ್ಲಿ ನಾನು ಕಂಡದ್ದು ಇಷ್ಟು: ಕಂಪನಿ ಮುಳುಗುತ್ತಿರುವುದು ಪೈಲಟ್‌ಗಳಿಗೆ ಕೊನೆಗೆ ಗೊತ್ತಾಗುತ್ತದೆ, ಅಕೌಂಟ್ಸ್‌ನವರಿಗೆ ಮೊದಲು.

ಮೊದಲು ಇಂಧನದವರು ಸಾಲ ನಿಲ್ಲಿಸುತ್ತಾರೆ. ಅದಕ್ಕೆ ಕ್ಯಾಶ್ ಅಂಡ್ ಕ್ಯಾರಿ ಅನ್ನುತ್ತಾರೆ. ದುಡ್ಡು ಹಾಕಿದರೆ ಮಾತ್ರ ಟ್ಯಾಂಕರ್ ಬರುತ್ತದೆ. ಅಲ್ಲಿಂದ ಮುಂದೆ ಇಡೀ ಆಫೀಸು ಬೆಳಿಗ್ಗೆ ಬಂದ ದುಡ್ಡನ್ನು ಸಂಜೆಯ ಇಂಧನಕ್ಕೆ ಎತ್ತಿಡುವ ಕೆಲಸವನ್ನೇ ಮಾಡುತ್ತದೆ. ಆಮೇಲೆ ಬಿಡಿಭಾಗ ಕೊಡುವವರು ಅಡ್ವಾನ್ಸ್ ಕೇಳುತ್ತಾರೆ. ಆಮೇಲೆ ಎರಡು ತಾರೀಖು ತಪ್ಪುತ್ತವೆ. ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕಾದ 7ನೇ ತಾರೀಖು, ಪಿಎಫ್ ಕಟ್ಟಬೇಕಾದ 15ನೇ ತಾರೀಖು. ಸಂಬಳದ ಸ್ಲಿಪ್ಪಿನಲ್ಲಿ ಎರಡೂ ಕಡಿತ ಅಂತಲೇ ಇರುತ್ತದೆ. ಕಡಿತ ಮಾಡಿರುವುದೂ ನಿಜ. ಸರ್ಕಾರಕ್ಕೆ ಮಾತ್ರ ಹೋಗಿರುವುದಿಲ್ಲ. ನೌಕರರನ್ನು ಕೇಳದೆಯೇ ಅವರಿಂದ ತಗೊಂಡ ಬಡ್ಡಿಯಿಲ್ಲದ ಸಾಲ ಅದು. ನಾನೇ ಎಷ್ಟು ತಿಂಗಳು ಆ ಲೆಕ್ಕ ಬರೆದಿದ್ದೇನೆ.

ಅದಕ್ಕೇ ನಿನ್ನ ಸೀನಿಯರ್ ಹುಡುಗಿ ಅಲ್ಲಿದ್ದಾಳಲ್ಲ, ಅವಳನ್ನು "ಸಂಬಳ ಸರಿಯಾಗಿ ಬರುತ್ತಾ" ಅಂತ ಕೇಳಬೇಡ. ಆ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಅವಳ 26ಎಎಸ್ (ಅವಳ ಹೆಸರಿಗೆ ಎಷ್ಟು ತೆರಿಗೆ ಜಮೆಯಾಗಿದೆ ಅಂತ ತೋರಿಸುವ ಪಟ್ಟಿ) ಮತ್ತು ಪಿಎಫ್ ಪಾಸ್‌ಬುಕ್ ತೆಗೆದು ನೋಡಲು ಹೇಳು. ಕೊನೆಯ ಎಂಟು ತಿಂಗಳು ಸಾಕು. ಐದು ನಿಮಿಷದ ಕೆಲಸ. ಸಂಬಳ ತಡವಾದರೂ ಪಿಎಫ್ ಸರಿಯಾಗಿ ಬಿದ್ದಿದ್ದರೆ ಕಷ್ಟದಲ್ಲೂ ಲೆಕ್ಕ ಇಟ್ಟುಕೊಂಡಿರುವ ಜನ ಅಂದುಕೊಳ್ಳಬಹುದು. ಅದೂ ಬಿದ್ದಿಲ್ಲ ಅಂದರೆ ನೀನು ಹೆಚ್ಚು ಯೋಚಿಸುವ ಅಗತ್ಯವಿಲ್ಲ.

ಇನ್ನೊಂದು ವಿಷಯ ಕೇಳಿಕೋ. ವಿಮಾನದಲ್ಲಿ ಹೋಗುವ ಸರಕಿನ ಡಬ್ಬಗಳು ಯಾರವು? ಬ್ಲೂ ಡಾರ್ಟ್ 1996ರಿಂದ ತನ್ನದೇ ವಿಮಾನ ಹಾರಿಸುತ್ತಿದೆ, ಯಾಕೆಂದರೆ ಒಳಗಿರುವ ಕೊರಿಯರ್ ಅದರದೇ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರಂಥವರು 2009ರಲ್ಲಿ ನಾಗಪುರವನ್ನು ನಡುಮನೆ ಮಾಡಿಕೊಂಡು ಡೆಕ್ಕನ್ 360 ಅನ್ನೋ ಸರಕು ವಿಮಾನ ಕಂಪನಿ ಶುರು ಮಾಡಿದರು. ಏರ್ ಡೆಕ್ಕನ್ ಕಟ್ಟಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ ಮನುಷ್ಯ. ಆದರೂ ಎರಡು ವರ್ಷ ಕಳೆಯುವಷ್ಟರಲ್ಲಿ ಅದು ನಿಂತಿತು. ದೇಶದೊಳಗಿನ ಸರಕನ್ನು ಹೆಚ್ಚಾಗಿ ಪ್ರಯಾಣಿಕರ ವಿಮಾನಗಳೇ ಹೊಟ್ಟೆಯಲ್ಲಿ ಹಾಕಿಕೊಂಡು ಹೋಗುತ್ತವೆ. ಟಿಕೆಟ್ ದುಡ್ಡು ಹೇಗೂ ಬಂದಿರುತ್ತದೆ, ಸರಕಿನದು ಮೇಲಿನ ಆದಾಯ. ಬರೀ ಸರಕನ್ನೇ ನಂಬಿದವರಿಗೆ ಹೋಗುವಾಗ ತುಂಬಿ, ಬರುವಾಗ ಖಾಲಿ ಬಂದರೂ ಇಂಧನ ಎರಡೂ ಕಡೆ ಸುಡಲೇಬೇಕು. ವಿಮಾನದ ಬಾಡಿಗೆ ಡಾಲರಿನಲ್ಲಿ, ಸಂಪಾದನೆ ರೂಪಾಯಿಯಲ್ಲಿ. ಕೋವಿಡ್ ಹೊತ್ತಿನಲ್ಲಿ ಪ್ರಯಾಣಿಕರ ವಿಮಾನಗಳು ನಿಂತು ಸರಕಿನ ದರ ಏರಿತಲ್ಲ, ಆ ಹುಮ್ಮಸ್ಸಿನಲ್ಲಿ ಇಳಿದವರು ಆಮೇಲೆ ಬೆವರಿದರು. ನಿನ್ನ ಕಂಪನಿಗೆ ಒಬ್ಬನೇ ದೊಡ್ಡ ಗಿರಾಕಿ ಅಂದೆಯಲ್ಲ, ಅವನ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ? ಕಂಪನಿಯವರನ್ನೇ ಕೇಳಲು ಸಂಕೋಚವಾದರೆ ಲೋಡಿಂಗ್ ಹುಡುಗರನ್ನು ಕೇಳು. ಅವರಿಗೆ ಎಲ್ಲವೂ ಗೊತ್ತಿರುತ್ತದೆ.

ನಿನ್ನ ವಾದ ನನಗೆ ಗೊತ್ತು. "ಅಮ್ಮ, ನಾನು ಸಂಬಳಕ್ಕೆ ಹೋಗ್ತಿಲ್ಲ, ಗಂಟೆಗಳಿಗೆ ಹೋಗ್ತಿದೀನಿ." ತಪ್ಪು ಅನ್ನುವುದಿಲ್ಲ. ನಿನ್ನ ಲೈನಿನಲ್ಲಿ ಗಂಟೆಯೇ ದುಡ್ಡು. ಸುಮ್ನೆ ಕೂತರೂ ಖರ್ಚು ನಿಲ್ಲುವುದಿಲ್ಲ. ಸಿಮ್ಯುಲೇಟರ್ ಪರೀಕ್ಷೆ, ಮೆಡಿಕಲ್ಲು, ಕೈ ಮರೆಯದಂತೆ ನೋಡಿಕೊಳ್ಳುವುದು. ಆದರೆ ಗಂಟೆಯ ಲೆಕ್ಕವನ್ನೂ ಹಾಕೋಣ, ಬಾ. ಕಂಪನಿಯ ಮೂರು ವಿಮಾನದಲ್ಲಿ ಹಾರುತ್ತಿರುವುದು ಒಂದು, ಇನ್ನೆರಡು ನಿಂತಿವೆ. ಇದು ನೀನೇ ಹೇಳಿದ್ದು. ಅದೊಂದು ರಾತ್ರಿಗೆ ನಾಲ್ಕು ಗಂಟೆಯಂತೆ ತಿಂಗಳಲ್ಲಿ 25 ರಾತ್ರಿ ಹಾರಿದರೂ ನೂರು ಗಂಟೆ. ನಿನ್ನನ್ನೂ ಸೇರಿಸಿ ಐದು ಜನ ಕೋಪೈಲಟ್‌ಗಳು. ನಿನ್ನ ಪಾಲಿಗೆ 20. ದೊಡ್ಡ ಕಂಪನಿಯ ಜಾಹೀರಾತಿನಲ್ಲಿ ಇದೇ ಬಗೆಯ ವಿಮಾನದಲ್ಲಿ 500 ಗಂಟೆ ಹಾರಿರಬೇಕು ಅಂತ ತೋರಿಸಿದ್ದೆಯಲ್ಲ, ಅಲ್ಲಿಗೆ ಮುಟ್ಟಲು 25 ತಿಂಗಳು ಬೇಕು. ಅದೂ ಆ ಒಂದು ವಿಮಾನ ಒಂದು ವಾರವೂ ಕೆಡದೆ ಇದ್ದರೆ. ಕಂಪನಿ 25 ತಿಂಗಳು ಬದುಕುತ್ತದೆ ಅಂತ ನಿನ್ನ ಮನಸ್ಸು ಹೇಳುತ್ತದೆಯಾ?

ಯಾಕೆಂದರೆ ನಿಲ್ಲುವಾಗ ಒಂದೇ ದಿನದಲ್ಲಿ ನಿಲ್ಲುತ್ತವೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಕೊನೆಯ ಸಲ ಹಾರಿತು. ಅಲ್ಲಿನ ನೌಕರರ ಪಿಎಫ್ ಮತ್ತು ಗ್ರಾಚ್ಯುಟಿ ಪೂರ್ತಿ ಕೊಡಬೇಕು ಅನ್ನುವುದು ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಗುವ ಹೊತ್ತಿಗೆ 2023ರ ಜನವರಿ. ಕೊನೆಗೆ ಕಂಪನಿಯನ್ನು ಮಾರಿ ಮುಗಿಸಿ ಅಂತ ಆದೇಶ ಬಂದದ್ದು 2024ರ ನವೆಂಬರ್‌ನಲ್ಲಿ. ಗೋ ಫಸ್ಟ್ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಹಾಕಿತು, ಮಾರನೇ ದಿನ ವಿಮಾನವಿಲ್ಲ. ಆಗ ದಿವಾಳಿ ಕಾನೂನಿನ ರಕ್ಷಣೆ ಇದ್ದದ್ದರಿಂದ ಬಾಡಿಗೆ ವಿಮಾನಗಳನ್ನು ಮಾಲೀಕರಿಗೆ ಎಷ್ಟೋ ತಿಂಗಳು ಒಯ್ಯಲಾಗಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ನಿಯಮ ಬದಲಿಸಿದೆ. ಈಗ ಕಂಪನಿ ದಿವಾಳಿ ಕೋರ್ಟಿಗೆ ಹೋದರೂ ಬಾಡಿಗೆ ವಿಮಾನಕ್ಕೆ ಆ ರಕ್ಷಣೆ ಇಲ್ಲ, ಮಾಲೀಕರು ಎತ್ತಿಕೊಂಡು ಹೋಗಬಹುದು. ಮಾರಾಟದಿಂದ ಬಂದ ದುಡ್ಡು ಹಂಚುವಾಗ ಮೊದಲು ಆ ಪ್ರಕ್ರಿಯೆಯ ಖರ್ಚು, ಆಮೇಲೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮತ್ತು ಕಾರ್ಮಿಕರು, ಅದಾದ ಮೇಲೆ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತದೆ ಅಂತ ಅಡುಗೆ ಮನೆಯವಳಾದ ನನ್ನನ್ನು ಕೇಳು.

ನಿಮ್ಮಪ್ಪನಿಗೆ ಇರುವ ಒಂದೇ ಭಯ ವಿಮಾನ ಬಿದ್ದರೆ ಅಂತ. ದುಡ್ಡಿಲ್ಲದ ಕಂಪನಿಯ ವಿಮಾನ ಬೀಳುತ್ತದೆ ಅಂತ ಏನಿಲ್ಲ ಅಂತ ಅವರಿಗೆ ಹೇಳಿದ್ದೇನೆ. ನಿನಗೆ ಮಾತ್ರ ಇನ್ನೊಂದು ಮಾತು. ನಮ್ಮ ಆಫೀಸಿಗೆ ಎಂಜಿನಿಯರ್‌ಗಳು ಮೆಟ್ಟಿಲು ಹತ್ತಿ ಬರುತ್ತಿದ್ದರು, ಒಂದು ಪಾರ್ಟ್‌ಗೆ ಸಹಿ ಹಾಕಿಸಿಕೊಳ್ಳಲು. ದುಡ್ಡಿಲ್ಲ ಅಂದಾಗ ನಿಂತ ವಿಮಾನದಿಂದ ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಿದ್ದರು. ಅದಕ್ಕೆ ಅವರು ರಾಬರಿ ಅಂತಲೇ ಅನ್ನುತ್ತಿದ್ದರು, ನಗುತ್ತಾ. ಕಾಗದದಲ್ಲಿ ಎಲ್ಲ ಸರಿ ಇರುತ್ತಿತ್ತು. ಕೆಟ್ಟದ್ದರ ರಿಪೇರಿಯನ್ನು ಎಂಇಎಲ್ ಪ್ರಕಾರ (ಏನೇನು ಕೆಟ್ಟಿದ್ದರೂ ಹಾರಬಹುದು ಅನ್ನೋ ಪಟ್ಟಿ) ಮೂರು ದಿನ, ಹತ್ತು ದಿನ ಮುಂದೂಡುವುದು ನಿಯಮದ ಒಳಗೇ ಇದೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಹತ್ತನೇ ದಿನ, ಬೆಳಗಿನ ಜಾವ ಮೂರು ಗಂಟೆಗೆ, ಸರಕು ತಡವಾದರೆ ಗಿರಾಕಿ ದಂಡ ಹಾಕುತ್ತಾನೆ ಅಂತ ಫೋನ್ ಬರುತ್ತಿರುವಾಗ, ಪಕ್ಕದಲ್ಲಿರುವ ಕ್ಯಾಪ್ಟನ್‌ಗೆ ಮೂರು ತಿಂಗಳಿಂದ ಸಂಬಳ ಇಲ್ಲದಿರುವಾಗ, "ಬೇಡ ಸರ್, ಹೋಗೋದು ಬೇಡ" ಅಂತ ಅನ್ನಬೇಕಾದವಳು ನೀನು. ನಿನಗೆ ಧೈರ್ಯ ಇದೆ, ನನಗೆ ಗೊತ್ತು. ಆದರೆ ಇಎಂಐ ಬಾಕಿ ಇದ್ದವರ ದನಿ ಹೇಗೆ ಸಣ್ಣದಾಗುತ್ತದೆ ಅಂತ ನಾನು ಕೇಳಿದ್ದೇನೆ.

ಹಾಗಾಗಿ ಒಂದು ತೀರ್ಮಾನ ಮಾಡಿದ್ದೇನೆ. ನಿನ್ನ ಸಾಲದ ಕಂತನ್ನು ಒಂದು ವರ್ಷ ನಾನು ಕಟ್ಟುತ್ತೇನೆ. ನನ್ನ ಹೆಸರಿನಲ್ಲಿ ಎಫ್‌ಡಿ ಇದೆ. ಅದು ನಿನ್ನ ಮದುವೆಗೆ ಅಂತ ನಿಮ್ಮಪ್ಪ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ ಬಿಡು. ಹೋಗುವುದಾದರೆ ಕಂತಿನ ಹೆದರಿಕೆ ಇಲ್ಲದೆ ಹೋಗು.

ಈಗ ಆ ಚೆಕ್‌ಗಳ ವಿಷಯ.

ಆಫರ್ ಲೆಟರಿನ ನಾಲ್ಕನೇ ಪುಟದಲ್ಲಿದೆ. ಮೂರು ವರ್ಷದ ಬಾಂಡ್, ನಡುವೆ ಬಿಟ್ಟರೆ 15 ಲಕ್ಷ, ಅದಕ್ಕೆ ಭದ್ರತೆಯಾಗಿ ತಾರೀಖು ಹಾಕದ ಆರು ಚೆಕ್. ಟೈಪ್ ರೇಟಿಂಗ್ ನಮ್ಮ ದುಡ್ಡಿನಲ್ಲೇ ಆಗಿದೆ. ಹಾಗಿರುವಾಗ ಬಾಂಡ್ ಯಾತಕ್ಕೆ? ಲೈನ್ ಟ್ರೇನಿಂಗ್‌ಗೆ, ಅಂದರೆ ಕೆಲಸದ ಹಾರಾಟದಲ್ಲೇ ಕೊಡುವ ತರಬೇತಿಗೆ, ಅಂತಾರೆ. ಇರಲಿ. ಅದರ ಮೇಲೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಕೋಪೈಲಟ್ ಕೆಲಸ ಬಿಡಲು ಆರು ತಿಂಗಳ ನೋಟಿಸ್ ಕೊಡಬೇಕು. ಅಂದರೆ ನೀನು ಬಿಡಬೇಕು ಅಂದುಕೊಂಡ ದಿನದಿಂದ ಇನ್ನೂ ಆರು ತಿಂಗಳು ಅವರ ಕೈಯಲ್ಲಿ. ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ.

ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನಿದ್ದ ಕಂಪನಿಯಲ್ಲಿ ಒಬ್ಬ ಹುಡುಗ ಕೋಪೈಲಟ್ ಇದ್ದ. ನಿನ್ನ ಈಗಿನ ವಯಸ್ಸು. ಪ್ರತಿ ಸೋಮವಾರ ನನ್ನ ಟೇಬಲ್ ಹತ್ತಿರ ಬಂದು "ಮೇಡಂ, ಈ ವಾರ ಏನಾದ್ರೂ?" ಅಂತ ಕೇಳುತ್ತಿದ್ದ. ನಾಲ್ಕು ತಿಂಗಳ ಸಂಬಳ ಬಾಕಿ. ಐದನೇ ತಿಂಗಳು ಬರುವುದು ಬಿಟ್ಟ. ಬೇರೆ ಕಡೆ ಕೆಲಸ ಸಿಕ್ಕಿತ್ತು. ಮ್ಯಾನೇಜರ್ ಅವನ ಫೈಲು ತಂದು ನನ್ನ ಮುಂದಿಟ್ಟು, ಚೆಕ್ಕಿಗೆ ತಾರೀಖು ಬರೆದು ಬ್ಯಾಂಕಿಗೆ ಹಾಕಿ ಅಂದರು. ನಾವು ಅವನಿಗೆ ಕೊಡಬೇಕಾದ ದುಡ್ಡು ಅದೇ ರಿಜಿಸ್ಟರಿನಲ್ಲಿ, ಅದೇ ಪುಟದಲ್ಲಿ ಇತ್ತು. ನಾನು ತಾರೀಖು ಬರೆದೆ. ನನ್ನ ಕೈಯಲ್ಲೇ, ನೀಲಿ ಶಾಯಿಯಲ್ಲಿ. ನಿನ್ನ ಶಾಲೆಯ ಫೀಸು ಕಟ್ಟುವ ತಿಂಗಳು ಅದು, ನನಗೂ ಕೆಲಸ ಬೇಕಿತ್ತು.

ಚೆಕ್ ಬೌನ್ಸ್ ಆಯಿತು. ವಕೀಲರ ನೋಟಿಸ್ ಅವನ ಊರಿಗೆ ಹೋಯಿತು. ಒಂದು ದಿನ ಅವನ ತಂದೆ ಆಫೀಸಿಗೆ ಬಂದರು. ಕೈಚೀಲದಲ್ಲಿ ನೋಟಿಸು, ಜೊತೆಗೆ ಮಗನ ಸಂಬಳದ ಸ್ಲಿಪ್ಪುಗಳು. ರಿಸೆಪ್ಶನ್‌ನಲ್ಲಿ ಅರ್ಧ ದಿನ ಕೂತಿದ್ದರು. ಯಾರೂ ಮಾತಾಡಿಸಲಿಲ್ಲ. ಊಟದ ಹೊತ್ತಿನಲ್ಲಿ ನಾನು ಅವರ ಮುಂದೆಯೇ ಹಾದು ಹೋದೆ. ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ.

ಅವರ ಜಾಗದಲ್ಲಿ ನಿಮ್ಮಪ್ಪನನ್ನು ಕೂರಿಸಿ ನೋಡುವುದು ನನ್ನಿಂದ ಆಗುತ್ತಿಲ್ಲ, ಪುಟ್ಟಿ.

ಹಾಗಾಗಿ ನಾಳೆ ನೀನು ಅವರಿಗೆ ಒಂದು ಮೇಲ್ ಬರೆ. ಜಗಳದ ಧಾಟಿ ಬೇಡ. ಬಾಂಡ್ ಒಪ್ಪುತ್ತೇನೆ, ಮೊತ್ತ ಪ್ರತಿ ತಿಂಗಳು ಇಳಿಯುತ್ತಾ ಹೋಗಬೇಕು, ಸಂಬಳ 45 ದಿನಕ್ಕಿಂತ ತಡವಾದರೆ ಬಾಂಡ್ ತಾನಾಗಿ ರದ್ದು, ನೋಟಿಸ್ ಕೂಡ ಬೇಡ ಅಂತ ಬರೆದುಕೊಡಿ, ಚೆಕ್ ಕೊಡುವುದಿಲ್ಲ. ಇಷ್ಟೇ. ಒಪ್ಪಿದರೆ ಹೋಗು, ನಾನೇ ಬಂದು ಬಿಟ್ಟುಬರುತ್ತೇನೆ. 25 ತಿಂಗಳಲ್ಲಿ ಎಂಟು ತಿಂಗಳು ಹಾರಿದರೂ ಆ ಗಂಟೆಗಳು ನಿನ್ನ ಲಾಗ್‌ಬುಕ್ಕಿನಲ್ಲಿ ಉಳಿಯುತ್ತವೆ, ಯಾವ ಕೋರ್ಟೂ ಕಿತ್ತುಕೊಳ್ಳುವುದಿಲ್ಲ. ಲಾಗ್‌ಬುಕ್ ಮಾತ್ರ ತಿಂಗಳು ತಿಂಗಳೂ ಸಹಿ ಹಾಕಿಸಿಕೋ. ಕಂಪನಿ ಮುಚ್ಚಿದ ಮೇಲೆ ಸಹಿ ಹಾಕುವವರನ್ನು ಹುಡುಕುತ್ತಾ ಅಲೆದವರನ್ನು ನೋಡಿದ್ದೇನೆ.

ಚೆಕ್ ಬೇಕೇ ಬೇಕು ಅಂದರೆ ಬೇಡ ಅನ್ನು. ಇನ್ನೊಂದು ವರ್ಷ ಕಾಯೋಣ. ನಿಮ್ಮಪ್ಪ ಬೀದಿಯವರಿಗೆ ಏನು ಹೇಳಬೇಕೋ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಸಹಿ ಮಾಡಿದ ಚೆಕ್ ಈಗಾಗಲೇ ಕಳಿಸಿಬಿಟ್ಟಿಲ್ಲ ತಾನೆ? ಇದನ್ನು ಓದಿದ ತಕ್ಷಣ ಅದೊಂದಕ್ಕೆ ಉತ್ತರ ಕೊಡು. ಉಳಿದದ್ದು ನಿಧಾನಕ್ಕೆ ಮಾತಾಡೋಣ.

ನಿನ್ನ
ಅಮ್ಮ