ಅಟ್ಟದ ಸ್ವಿಚ್ಚು

ಪುಟ್ಟೀ,

ಹಲಸಿನ ಹಪ್ಪಳದ ಡಬ್ಬದ ಮುಚ್ಚಳ ತೆಗೆದ ಕೂಡಲೇ ಸಿಗಲಿ ಅಂತ ಈ ಕಾಗದ ಮೇಲೇ ಇಟ್ಟಿದ್ದೇನೆ. ಫೋನಲ್ಲಿ ಹೇಳೋಣ ಅಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ನೀನೂ ಐದು ದಿನದಿಂದ ನನ್ನ ಫೋನ್ ತೆಗೆಯುತ್ತಿಲ್ಲ. ಅಪ್ಪನ ಹತ್ತಿರ ಮಾತಾಡುತ್ತೀಯಲ್ಲ, ಅಷ್ಟೇ ಸಮಾಧಾನ.

ಅವತ್ತು ನಾನು ಅಂದಿದ್ದು ಜಾಸ್ತಿಯಾಯಿತು. ಒಂದು ದೀಪ ಆರಿಸೋ ಜವಾಬ್ದಾರಿ ಇಲ್ಲದವಳು ಮನೆ ಹೇಗೆ ನಡೆಸ್ತೀಯ ಅಂತ ಕೇಳಿದೆ. ಸ್ಪೀಕರ್ ಆನ್ ಇತ್ತು, ಅಳಿಯಂದಿರೂ ಕೇಳಿಸಿಕೊಂಡರು ಅಂತ ಆಮೇಲೆ ಗೊತ್ತಾಯಿತು. ನೀನು "ಎಷ್ಟಾಯ್ತು ಹೇಳಮ್ಮ, ಫೋನ್‌ಪೇ ಮಾಡ್ತೀನಿ" ಅಂದು ಇಟ್ಟುಬಿಟ್ಟೆ. ಆ ಮಾತು ನನಗೂ ಚುಚ್ಚಿತು. ಆದರೆ ಮೊದಲು ಚುಚ್ಚಿದವಳು ನಾನು.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ಯುಗಾದಿ ಮುಗಿಸಿ ನೀನು ಹೊರಟ ಮೇಲೆ ಅಟ್ಟದ ದೀಪ 11 ದಿನ ಹಗಲೂ ರಾತ್ರಿ ಉರಿದಿದೆ. ಹೊಸ ಬೆಳಕು ಅಂತ ಸರ್ಕಾರ ಕಮ್ಮಿ ಬೆಲೆಗೆ 9 ವ್ಯಾಟಿನ ಎಲ್‌ಇಡಿ ಕೊಟ್ಟಾಗ ಮನೆಯ ಬಲ್ಬುಗಳನ್ನೆಲ್ಲ ಬದಲಾಯಿಸಿದೆವಲ್ಲ, ಅಟ್ಟಕ್ಕೆ ಮಾತ್ರ ಹಳೇ 60ರ ಬಲ್ಬೇ ಉಳಿಯಿತು. ವರ್ಷಕ್ಕೆ ನಾಲ್ಕು ಸಲ ಹಾಕೋ ದೀಪಕ್ಕೆ ಸುಮ್ನೆ ಯಾಕೆ ಖರ್ಚು ಅಂತ. ಅದು ದಿನವಿಡೀ ಉರಿದರೆ ಒಂದೂವರೆ ಯೂನಿಟ್ ಹತ್ತಿರ ಆಗುತ್ತದೆ. 11 ದಿನಕ್ಕೆ 16 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಇಷ್ಟು ಯೂನಿಟ್ ಪುಕ್ಕಟೆ ಅಂತ ಇರೋದು ಈ ತಿಂಗಳು ದಾಟುತ್ತದೆ, ದಾಟಿದ್ದಕ್ಕೆ ಕಟ್ಟಬೇಕು. ದೊಡ್ಡ ಮೊತ್ತವೇನಲ್ಲ. ಅಜ್ಜಿ ಇದ್ದಿದ್ದರೆ ಬೇರೆ ಲೆಕ್ಕ ಹೇಳುತ್ತಿದ್ದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದು ಶರಾವತಿ ನಿಂತಾಗ ಅವಳ ಮನೆ, ತೋಟ ಎರಡೂ ಹೋದವು. ಕರೆಂಟಿಗಾಗಿ ಊರು ಬಿಟ್ಟು ಬಂದವಳು ಆಮೇಲೂ ಎಷ್ಟೋ ವರ್ಷ ಚಿಮಣಿ ಬುಡ್ಡಿಯ ಬೆಳಕಲ್ಲೇ ಅಡಿಗೆ ಮಾಡಿದಳು. ಮುಳುಗಡೆ ಕಥೆ ನಿನಗೆ ಬಾಯಿಪಾಠ, ಬಿಡು.

ನಾನು ಕೂಗಾಡಿದ್ದು ದುಡ್ಡಿಗಲ್ಲ.

ಅವತ್ತು ರಾತ್ರಿ ಕೊಟ್ಟಿಗೆ ಕದ ಹಾಕಿ ಬರುವಾಗ ಮಾಡಿನ ಹೆಂಚಿನ ಸಂದಿಯಲ್ಲಿ ಒಂದು ಗೆರೆ ಬೆಳಕು ಕಂಡಿತು. ಹುಣ್ಣಿಮೆ ಹತ್ತಿರ ಬಂದಿತ್ತು, ಬೆಳದಿಂಗಳು ಇರಬೇಕು ಅಂದುಕೊಂಡೆ. ನಿಂತು ನೋಡಿದರೆ ಬೆಳಕು ಒಳಗಿನಿಂದ ಬರುತ್ತಿತ್ತು. ಮಂಡಿ ನೋವು ಮರೆತು ಏಣಿ ಹತ್ತಿದೆ. ಬಲ್ಬಿಗೂ ಗೋಣಿಚೀಲದ ಅಟ್ಟಿಗೂ ಒಂದು ಗೇಣೂ ಇರಲಿಲ್ಲ. ಮೇಲಿನ ಚೀಲದ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಆಗ ತಾನೇ ಎದ್ದು ಹೋದವರ ಹಾಸಿಗೆ ಇರುತ್ತಲ್ಲ, ಹಾಗೆ. ಸ್ವಿಚ್ಚು ಆರಿಸಿ ಕತ್ತಲಲ್ಲಿ ಅಲ್ಲೇ ಕೂತೆ. ಕೆಳಗಿಳಿಯೋಕೆ ಕಾಲು ಬರಲಿಲ್ಲ.

ಅಟ್ಟದ ತೊಲೆಯ ಮೇಲೆ ಕರೀ ಗುರುತು ಇದೆಯಲ್ಲ, ವೈರಿಂಗ್ ಸುಟ್ಟಿದ್ದು ಅಂತ ಅಪ್ಪ ಹೇಳುತ್ತಾರಲ್ಲ, ಅದು ವೈರಿಂಗ್ ಅಲ್ಲ ಪುಟ್ಟಿ. ನಾನು.

ನಿನಗಾಗ ಮೂರು ವರ್ಷ. ಅದೂ ಬೇಸಿಗೆಯೇ. ಸಂಜೆ ಮಿಡಿ ಉಪ್ಪಿನಕಾಯಿಯ ಭರಣಿ ತರೋಣ ಅಂತ ಅಟ್ಟಕ್ಕೆ ಹೋಗಿದ್ದೆ. ಆಗ ಅಲ್ಲಿ 100ರ ಬಲ್ಬು ಇತ್ತು. ಭರಣಿ ಹುಡುಕುತ್ತ ಅಡ್ಡ ಇದ್ದ ಚೀಲಗಳನ್ನು ಒಂದರ ಮೇಲೊಂದು ತೊಲೆಯ ಕಡೆ ಎಸೆದೆ. ಅಷ್ಟರಲ್ಲಿ ಗುಡುಗಿತು, ಕರೆಂಟ್ ಹೋಯಿತು. ಕೆಳಗೆ ನೀನು ಕತ್ತಲಿಗೆ ಹೆದರಿ ಅತ್ತೆ. ಭರಣಿ ಕಂಕುಳಲ್ಲಿ ಇಟ್ಟುಕೊಂಡು ತಡವರಿಸುತ್ತ ಇಳಿದೆ. ದೀಪ ಉರಿಯುತ್ತಿಲ್ಲ, ಸ್ವಿಚ್ಚಿನ ನೆನಪು ಯಾರಿಗೆ ಬರುತ್ತದೆ?

ರಾತ್ರಿ ಸೆಖೆ. ನೀನು ಬೆವತು ಹೊರಳಾಡುತ್ತಿದ್ದೆ, ನಾನು ಬೀಸಣಿಗೆ ಬೀಸುತ್ತಿದ್ದೆ. ಯಾವಾಗಲೋ ಕರೆಂಟ್ ಬಂತು. ಫ್ಯಾನ್ ಕಿರ್ ಅಂತ ತಿರುಗಿತು. ಅಬ್ಬ ಬಂತಲ್ಲ ಅಂದುಕೊಂಡು, ಬೀಸಣಿಗೆ ಕೆಳಗಿಟ್ಟು, ಮಗ್ಗುಲು ಬದಲಿಸಿ ಮಲಗಿದೆ. ಪುಟ್ಟಿ, ನನಗೆ ಖುಷಿಯಾಗಿತ್ತು. ಫ್ಯಾನ್ ತಿರುಗಿದ ಹೊತ್ತಿಗೇ ನಿನ್ನ ತಲೆಯ ಮೇಲೆ, ಮುಚ್ಚಿಗೆಯ ಆಚೆ ಆ ಬಲ್ಬೂ ಹೊತ್ತಿತು. ನಾನು ಎಸೆದ ಚೀಲ ಅದಕ್ಕೆ ಒರಗಿಕೊಂಡಿತ್ತು.

ನೀನು ಕೆಮ್ಮಿದೆ. ನೆಗಡಿ ಅಂದುಕೊಂಡೆ. ಮತ್ತೆ ಕೆಮ್ಮಿದೆ. ಎದೆ ನೀವಿ ಮಲಗಿಸಿದೆ. ಮೂರನೇ ಸಲ ಕೆಮ್ಮಿದಾಗ ಮೂಗಿಗೆ ಸುಟ್ಟ ನಾರಿನ ವಾಸನೆ ಬಡಿಯಿತು. ಆ ಎರಡು ಕೆಮ್ಮನ್ನು ನಾನು ಎಷ್ಟು ವರ್ಷದಿಂದ ಎಣಿಸುತ್ತಿದ್ದೇನೆ ಗೊತ್ತಾ? ಮೊದಲನೇದಕ್ಕೇ ಏಳಬೇಕಿತ್ತು. ಹಲಗೆ ಸಂದಿಯಲ್ಲಿ ಹೊಗೆ ದಾರದ ಹಾಗೆ ಇಳಿಯುತ್ತಿತ್ತು. ನಿನ್ನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಅಪ್ಪ ಮೇನ್ ಆಫ್ ಮಾಡಿ ಕೊಡಪಾನದಲ್ಲಿ ನೀರು ತಗೊಂಡು ಹತ್ತಿದರು. ಉರಿ ಎದ್ದಿರಲಿಲ್ಲ, ಚೀಲ ಒಳಗೊಳಗೇ ಕನಲುತ್ತಿತ್ತು. ಈಗಲೂ ಕರೆಂಟ್ ಹೋಗಿ ಬಂದು ಫ್ಯಾನ್ ತಿರುಗಿದರೆ ಎಲ್ಲರಿಗೂ ಹಾಯೆನಿಸುತ್ತದೆ, ನಾನು ಎದ್ದು ಕೂರುತ್ತೇನೆ. ನೀನು ಎಷ್ಟೋ ಸಲ ಕೇಳಿದ್ದೀಯ, ಏನಮ್ಮ ಅಂತ. ಏನಿಲ್ಲ ಅಂದಿದ್ದೇನೆ.

ಬೆಳಿಗ್ಗೆ ಅಪ್ಪ "ಹಳೇ ವೈರು, ಎಲ್ಲೋ ಶಾರ್ಟ್ ಆಗಿದೆ" ಅಂದರು. ನಾನು ಸುಮ್ಮನಿದ್ದೆ. ಆ ವರ್ಷದ ಅಡಿಕೆ ದುಡ್ಡು ವೈರಿಂಗಿಗೆ ಹೋಯಿತು. ಶಾರ್ಟ್ ಆದರೆ ತಾನೇ ಬಿದ್ದು ಕರೆಂಟ್ ಕಡಿಯೋ ಎಂಸಿಬಿ ಬಂತು, ಪೈಪೆಲ್ಲ ಹೊಸದಾಯಿತು. ಆಮೇಲೊಂದು ದಿನ ನಿನ್ನ ಸೋದರಮಾವ, ಐಟಿಐ ಮಾಡಿದವನಲ್ಲ, ಮಾತಿಗೆ ಮಾತು ಬಂದು ಹೇಳಿದ: "ಬಲ್ಬಿಗೆ ಬಟ್ಟೆ ತಾಗಿ ಸುಟ್ಟರೆ ಎಂಸಿಬಿ ಬೀಳಲ್ಲ ಅಕ್ಕಾ. ಬಲ್ಬು ಯಾವತ್ತೂ ಎಳೆಯೋಷ್ಟೇ ಕರೆಂಟ್ ಎಳೀತಿರತ್ತೆ, ಅದಕ್ಕೇನು ಗೊತ್ತು." ಹಳೇ ಬಲ್ಬಿನಲ್ಲಿ ಬೆಳಕಾಗೋದು ಸ್ವಲ್ಪವೇ, ಹೆಚ್ಚುಪಾಲು ಬರೀ ಬಿಸಿಯಂತೆ. ಅಂದರೆ ಅಷ್ಟು ಖರ್ಚು ಮಾಡಿದ ಯಾವುದೂ ಅವತ್ತಿನ ರಾತ್ರಿಯನ್ನು ತಡೆಯುತ್ತಿರಲಿಲ್ಲ. ತಡೆಯುತ್ತಿದ್ದದ್ದು ಒಂದೇ, ಸ್ವಿಚ್ಚನ್ನು ಕೆಳಗೆ, ಏಣಿ ಬುಡಕ್ಕೆ ತರೋದು. ವೈರಿಂಗ್ ಮಾಡೋ ಹುಡುಗ ಕೇಳಿದ್ದ ಕೂಡ, ಕೆಳಗೆ ತರಲಾ ಅಂತ. ಅಪ್ಪ "ಇರಲಿ ಬಿಡು, ಅಪರೂಪಕ್ಕೆ ಹತ್ತೋದು" ಅಂದರು. ನಾನು ಅಲ್ಲೇ ಕಾಫಿ ಹಿಡಿದುಕೊಂಡು ನಿಂತಿದ್ದೆ. ಬಾಯಿ ಬಿಟ್ಟರೆ ಎಲ್ಲಿ ಯಾಕೆ ಅಂತ ಕೇಳುತ್ತಾರೋ ಅಂತ ಸುಮ್ಮನಾದೆ. ಹಾಗಾಗಿ ಸ್ವಿಚ್ಚು ಮೇಲೇ ಉಳಿಯಿತು. ಮೇಲಿದ್ದ ಕಾರಣಕ್ಕೇ ನಿನ್ನ ದೀಪ 11 ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ನಿನ್ನ ಮನೆ ವಿಷಯ. ನಮ್ಮ ಮನೆತನದಲ್ಲಿ ಬೆಂಗಳೂರಲ್ಲಿ ಸ್ವಂತ ದುಡಿಮೆಯಲ್ಲಿ ಮನೆ ತಗೊಂಡ ಮೊದಲ ಹೆಣ್ಣು ನೀನು. ಗೃಹಪ್ರವೇಶದ ದಿನ ಹಾಲು ಉಕ್ಕಿದಾಗ ನನ್ನ ಕಣ್ಣು ತುಂಬಿದ್ದನ್ನು ಹೊಗೆಗೆ ಅಂದಿದ್ದೆ, ಹೊಗೆಗಲ್ಲ. ಆದರೆ ಅಡಿಗೆಮನೆ ಪಕ್ಕದ ಸ್ಟೋರ್ ರೂಮ್ ನೋಡಿ ನನಗೆ ನಿದ್ದೆ ಬರಲಿಲ್ಲ. ಕಿಟಕಿ ಇಲ್ಲ. ಇನ್ವರ್ಟರ್ ಬ್ಯಾಟರಿ ಅಲ್ಲೇ ಇದೆ, ಚಾರ್ಜ್ ಆಗುವಾಗ ಅದು ಗ್ಯಾಸ್ ಬಿಡುತ್ತದೆ. ಅದನ್ನು ಗಾಳಿ ಆಡೋ ಕಡೆ ಇಡು. ಆನ್‌ಲೈನಲ್ಲಿ ಬಂದ ರಟ್ಟಿನ ಡಬ್ಬಗಳನ್ನು ಬಲ್ಬಿನವರೆಗೂ ಪೇರಿಸಿದ್ದೀಯ. ಎಲ್‌ಇಡಿ ಅಷ್ಟು ಕಾಯಲ್ಲ, ಗೊತ್ತು. ಆದರೂ ಅದರ ಬುಡ ಮುಟ್ಟಿ ನೋಡು, ಬಿಸಿ ಇರುತ್ತದೆ. ಹೋಲ್ಡರ್ ಸಡಿಲ ಇದ್ದರೆ ಇನ್ನೂ ಕಷ್ಟ. ನಿನ್ನ ಸ್ವಿಚ್ಚು ಬಾಗಿಲ ಹೊರಗಿದೆ, ಪುಣ್ಯ. ಅದಕ್ಕೊಂದು ಕೆಂಪು ಇಂಡಿಕೇಟರ್ ಹಾಕಿಸು. ದಿನಾ ಮಲಗೋ ಮುಂಚೆ ಗ್ಯಾಸ್ ನೋಡುವ ಹಾಗೆ ಅದನ್ನೂ ನೋಡು. ಕರೆಂಟ್ ಹೋದಾಗ ಯಾವ ರೂಮಲ್ಲಿ ಇದ್ದೆ ಅಂತ ನೆನಪು ಮಾಡಿಕೊ, ಅಲ್ಲಿಗೆ ವಾಪಸ್ ಹೋಗಿ ಸ್ವಿಚ್ಚು ನೋಡು. ಅಪಾರ್ಟ್‌ಮೆಂಟಲ್ಲಿ ಕರೆಂಟ್ ಹೋದದ್ದೇ ಗೊತ್ತಾಗಲ್ಲ ಅಂತೀಯ, ಆದರೂ...

ಮತ್ತೆ ಪಾಠ ಶುರುಮಾಡಿದೆ ನೋಡು.

ನಿನ್ನನ್ನು ಬೈದ ಮಾರನೇ ದಿನ ಒಂದು ವಿಷಯ ನೆನಪಾಯಿತು. ನಿನ್ನನ್ನು ಅಟ್ಟಕ್ಕೆ ಹತ್ತಿಸಿದವಳು ನಾನೇ, ಅಪ್ಪೆಮಿಡಿಗೆ ದೊಡ್ಡ ಭರಣಿ ಬೇಕು ಅಂತ. ನೀನು ಮೇಲಿದ್ದಾಗ ಮಿಕ್ಸಿ ನಿಂತಿತು. ಚಟ್ನಿ ಅರ್ಧ ಆಗಿತ್ತು, ಥೂ ಅಂತ ಗೊಣಗಿದ್ದೂ ನೆನಪಿದೆ. ನೀನು ಮೊಬೈಲ್ ಬೆಳಕಲ್ಲಿ ಭರಣಿ ಹಿಡಿದು ಇಳಿದೆ. ನೀವು ಬಸ್ ಹತ್ತಿದ ಮೇಲೆ ಕರೆಂಟ್ ಬಂತು. ಅಂದರೆ ನೀನು ಮಾಡಿದ್ದೂ ಅದೇ, ನಾನು ಮಾಡಿದ್ದೂ ಅದೇ. ನಿನಗೆ ಅಂದ ಮಾತನ್ನು ನನಗೆ ಯಾರೂ ಅಂದಿರಲಿಲ್ಲ. ತಪ್ಪಾಯಿತು ಪುಟ್ಟಿ.

ಅಳಿಯಂದಿರಿಗೂ ಹೇಳು. ಅಪ್ಪನಿಗೆ ಮಾತ್ರ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಸೋಮವಾರ ವೈರಿಂಗಿನವನು ಬರುತ್ತಾನೆ, ಸ್ವಿಚ್ಚು ಕೆಳಗೆ ಹಾಕೋಕೆ. ಯಾಕೆ ಅಂತ ಅವರು ಕೇಳೇ ಕೇಳುತ್ತಾರೆ.

ಹಪ್ಪಳಕ್ಕೆ ಖಾರ ಕಮ್ಮಿ ಹಾಕಿದ್ದೇನೆ. ಡಬ್ಬ ಖಾಲಿಯಾದ ಮೇಲೆ ವಾಪಸ್ ತಾ. ಅದಕ್ಕೂ ಮುಂಚೆ ಫೋನ್ ತೆಗಿ.

ನಿನ್ನ,
ಅಮ್ಮ